ಮೇಜಿನ ಕಾಲಿಗೆ ಬಿಟ್ಟ ಎರಡಿಂಚು

ಮಾರ್ಚ್ 2, ಸೋಮವಾರ

ಈ ನೋಟುಪುಸ್ತಕ ಗಿರಾಕಿಗಳ ಅಳತೆ ಬರೆಯಲು ಇಟ್ಟುಕೊಂಡದ್ದು. ಎದೆ, ಸೊಂಟ, ತೋಳು, ಕಾಲರ್. ಹಿಂದಿನ ಅರ್ಧ ಖಾಲಿ ಬಿದ್ದಿದೆ. ಸಿಟ್ಟು ಬಂದರೆ ತಂಗಿಯ ಹತ್ತಿರ ಹೇಳಿಕೊಂಡು ಹಗುರಾಗುವುದು ನನ್ನ ಅಭ್ಯಾಸ. ಈಗ ಸಿಟ್ಟು ಬಂದಿರುವುದೇ ತಂಗಿಯ ಮೇಲೆ. ಹಾಗಾಗಿ ಪುಸ್ತಕವೇ ಗತಿ.

ಮೂರು ದಿನ ಗೆಳತಿಯ ಮನೆಯಲ್ಲಿದ್ದು ನಿನ್ನೆ ಸಂಜೆ ಬಂದೆ. ಮುಖ ತೊಳೆದು ಹಿತ್ತಲಿಗೆ ಹೋದರೆ ಮರದ ಕೆಳಗೆ ಮೇಜಿಲ್ಲ! ಚಪ್ಪಡಿ ಕಲ್ಲಿನ ಮೇಲೆ ನಾಲ್ಕು ಕಾಲಿನ ಗುರುತು, ಗೋಡೆಯ ಮೂಲೆಯಲ್ಲಿ ಒಂದು ಬುಟ್ಟಿಯಷ್ಟು ಬೂದಿ. ಅದು ಅಮ್ಮ ಇದ್ದಾಗಿನ ಮೇಜು. ಅಮ್ಮ ಹೋಗಿ ಆರು ವರ್ಷವಾಯಿತು. ಆರು ವರ್ಷವೂ ಸಂಜೆ ನಾಲ್ಕೂವರೆಗೆ ನಾನು ಹೊಲಿಗೆ ಮೇಷಿನ್ ನಿಲ್ಲಿಸಿ, ಅವಳು ಶಾಲೆ ಮುಗಿಸಿ ಬಂದು, ಅದರ ಆಚೆ ಒಬ್ಬಳು ಈಚೆ ಒಬ್ಬಳು ಕೂತು ಟೀ ಕುಡಿದಿದ್ದೇವೆ. ಕೆಳಗಿನ ಮನೆ ನನ್ನದು, ನನ್ನ ಹೊಲಿಗೆ ಅಂಗಡಿಯೂ ಅಲ್ಲೇ; ಮೇಲಿನದು ಅವಳದು. ನನ್ನ ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಅವಳು ಮದುವೆಯ ಗೋಜಿಗೇ ಹೋಗಲಿಲ್ಲ. ಇಬ್ಬರಿಗೂ ಸೇರಿ ಇದ್ದದ್ದು ಆ ಮೇಜೊಂದು.

ಮೆಟ್ಟಿಲ ಕೆಳಗೆ ನಿಂತು ಕೂಗಿದೆ. ಇಳಿದು ಬಂದಳು.

"ಮೇಜೆಲ್ಲೇ?"

"ಗೆದ್ದಲು ಹಿಡಿದಿತ್ತು ಅಕ್ಕ. ಒಡೆಸಿ ಸುಡಿಸಿದೆ. ನಿನ್ನ ಕೇಳಿದ್ನಲ್ಲ."

"ಯಾವಾಗ ಕೇಳಿದೆ? ಕನಸಲ್ಲಿ ಬಂದು ಕೇಳಿದ್ಯಾ?"

ಆಮೇಲೆ ನಾನು ಬೈದೆ. ಅಕ್ಕಪಕ್ಕದವರ ಕಿಟಕಿಗಳು ತೆರೆದುಕೊಳ್ಳುವಷ್ಟು ಬೈದೆ. ಕೊನೆಯಲ್ಲಿ ಅಮ್ಮನ ವಿಷಯ ತೆಗೆದು ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಅವಳು "ಸರಿ. ನೀವು ಹೇಳಿದ್ದೇ ಸರಿ" ಎಂದು ಮೇಲೆ ಹತ್ತಿ ಹೋದಳು.

ನೀವು! ನನಗೆ ಐವತ್ತೆಂಟು, ಅವಳಿಗೆ ಐವತ್ತೊಂದು. ಅವಳ ತೊದಲು ಮಾತಿನ ಕಾಲದಿಂದ ನಾನು 'ನೀನು'. ಏಟು ತಿಂದಾಗಲೂ ನೀನು, ಮುತ್ತು ಕೊಟ್ಟಾಗಲೂ ನೀನು. ಮರ್ಯಾದೆ ಕೊಟ್ಟು ಕೆನ್ನೆಗೆ ಬಾರಿಸುವುದನ್ನು ಎಲ್ಲಿ ಕಲಿತಳೋ.

ಮಾರ್ಚ್ 3, ಮಂಗಳವಾರ

ಬೆಳಗ್ಗೆ ಬಾಗಿಲ ಹೊರಗಿನಿಂದ: "ಅಕ್ಕಾ, ನಿಮ್ಮ ಹಾಲು ಬಂದಿದೆ. ಒಳಗೆ ತಗೊಳ್ಳಿ, ಬೆಕ್ಕು ಓಡಾಡ್ತಿದೆ."

ತಗೊಳ್ಳಿ ಅಂತೆ. ಒಂದನೇ ತರಗತಿಯ ಟೀಚರ್ ಅವಳು. ದಿನವಿಡೀ ಮಕ್ಕಳಿಗೆ ರ ಗುಡಿಸು ರಿ, ರ ಕೊಂಬು ರು ಎಂದು ಕಾಗುಣಿತ ಹೇಳಿಕೊಡುವವಳು. ಯಾವ ಮಾತಿಗೆ ಯಾವ ಬಾಲ ಅಂಟಿಸಿದರೆ ಎದುರಿಗಿದ್ದವರಿಗೆ ಎಲ್ಲಿ ಚುರುಕ್ಕೆನ್ನುತ್ತದೆ ಎಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು.

ನಾನೂ ಬಿಡಲಿಲ್ಲ. "ಆಗಲಿ ಟೀಚರಮ್ಮನವರೇ, ತಮ್ಮ ಉಪಕಾರ ದೊಡ್ಡದು" ಎಂದೆ. ಅವಳಿಗೆ ಸಿಟ್ಟೇ ಬರಲಿಲ್ಲ. ಕೊಡೆ ತೆಗೆದುಕೊಂಡು ಶಾಲೆಗೆ ಹೋದಳು. ಕೊಂಬು ಬಂದಿದೆ ಅವಳಿಗೆ.

ಮಾರ್ಚ್ 5, ಗುರುವಾರ

ಬೆಳಗ್ಗೆ ಶಾಲೆಗೆ ಹೊರಡುವಾಗ ಅಂಗಡಿಯ ಬಾಗಿಲಲ್ಲಿ ನಿಂತು ಏನೋ ಅಂದಳು. ನಾನು ಒಂದು ಅಂಗಿಯ ಹರಿದ ಕಾಲರ್ ತಿರುಗಿಸಿ ಹೊಲಿಯುತ್ತಿದ್ದೆ. "ಹೂಂ" ಎಂದೆ. ಹೋದಳು.

ಕಾಲರ್ ಮುಗಿಸಿ ದಾರ ಕತ್ತರಿಸುವಾಗ ಆ ಮಾತು ತಲೆಗೆ ಇಳಿಯಿತು. ಅವಳು ಹೇಳಿದ್ದು ಇದು: "ಶಾಲೆ ಹತ್ತಿರ ಮನೆ ನೋಡಿದೀನಿ. ಇಪ್ಪತ್ತೊಂಬತ್ತನೇ ತಾರೀಕು ಭಾನುವಾರ ಹೋಗ್ತೀನಿ. ನಿಮಗೊಂದು ಮಾತು ತಿಳಿಸಿರೋಣ ಅಂತ."

ಹೋಗಲಿ. ಒಂದು ಮೇಜಿನ ನೆಪಕ್ಕೆ ಮನೆ ಬಿಟ್ಟು ಹೋಗುವವಳು ಹೋಗಲಿ. ನಾನೇನು ಸೆರಗು ಹಿಡಿದು ಎಳೆಯುವವಳಲ್ಲ. ಸಂಜೆ ನಾಲ್ಕೂವರೆಗೆ ಮೇಷಿನ್ ನಿಲ್ಲಿಸಲೇ ಇಲ್ಲ. ಎರಡು ಶಾಲೆ ಚಡ್ಡಿ ಹೆಚ್ಚಿಗೆ ಹೊಲಿದೆ. ಒಂದರ ಜೇಬು ತಲೆಕೆಳಗಾಗಿದೆ, ಬಿಚ್ಚಬೇಕು.

ಮಾರ್ಚ್ 6, ಶುಕ್ರವಾರ

ಒಂದು ತೀರ್ಮಾನ ಮಾಡಿದ್ದೇನೆ. ಹಿತ್ತಲಲ್ಲಿ ಕೂತು ಟೀ ಕುಡಿಯಲು ನನಗೆ ಯಾರ ಹಂಗೂ ಬೇಡ. ನನ್ನ ಕುರ್ಚಿಯ ಪಕ್ಕಕ್ಕೆ ಒಂದು ಚಿಕ್ಕ ಮೇಜು ನಾನೇ ಮಾಡಿಕೊಳ್ಳುತ್ತೇನೆ. ಒಂದು ಲೋಟ ಇಟ್ಟರೆ ಇನ್ನೊಂದಕ್ಕೆ ಜಾಗ ಇರಬಾರದು. ಹನ್ನೆರಡಿಂಚು ಅಗಲ, ಹನ್ನೆರಡಿಂಚು ಉದ್ದ. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಇದು, ನಾಲ್ಕು ಮರದ ತುಂಡಿಗೆ ಹೆದರುತ್ತದೆಯೇ?

ಮರದಂಗಡಿಗೆ ಹೋದೆ. ಅಂಗಡಿಯವನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮನೆ ಒಳಗೆ ಇಡೋದಾ, ಹೊರಗೆ ಇಡೋದಾ ಟೈಲರಮ್ಮಾ?"

"ಹೊರಗೆ."

"ಹಾಗಾದ್ರೆ ಮೇಲ್ಗಡೆ ಒಂದೇ ಹಲಗೆ ಬೇಡ. ಪಟ್ಟಿ ಹಾಕಿ, ನಡುನಡುವೆ ಸಂದು ಬಿಡಿ. ಮಳೆ ನೀರು ಎಲ್ಲಿಂದಾದ್ರೂ ಹೋಗ್ಬೇಕಲ್ಲ. ನಿಂತ್ರೆ ಕೊಳೆಯುತ್ತೆ. ಹಿತ್ತಾಳೆ ಸ್ಕ್ರೂ ಹಾಕಿ, ಕಬ್ಬಿಣದ್ದು ತುಕ್ಕು ಹಿಡಿಯುತ್ತೆ. ಮೊದಲು ಡ್ರಿಲ್ಲಲ್ಲಿ ತೂತು ಮಾಡಿ ಆಮೇಲೆ ಸ್ಕ್ರೂ. ಜೋರು ಮಾಡಿ ತಿರುಗಿಸಿದ್ರೆ ಮರ ಸೀಳುತ್ತೆ."

ಜೋರು ಮಾಡುವವಳ ಹಾಗೆ ಕಾಣುತ್ತೇನೋ ಏನೋ. ಹಳೆಯ ಬಾಗಿಲ ಚೌಕಟ್ಟೊಂದನ್ನು ಸೀಳಿ ಪಟ್ಟಿ ಮಾಡಿ ಕೊಟ್ಟ. ಆಗಲೇ ಒಣಗಿ ಗಟ್ಟಿಯಾದ ಮರ, ಇನ್ನು ಸೊಟ್ಟಗಾಗುವುದಿಲ್ಲವಂತೆ. ಗರಗಸ, ಡ್ರಿಲ್ಲು ಅವನದೇ ಎರವಲು.

ಮಾರ್ಚ್ 8, ಭಾನುವಾರ

ಇಡೀ ದಿನ ಕೊಯ್ದೆ. ಗುರುತು ಹಾಕಲು ನನ್ನ ಹೊಲಿಗೆಯ ಚಾಕ್, ಅಳೆಯಲು ನನ್ನ ಟೇಪ್, ಮೂಲೆ ನೋಡಲು ಬಟ್ಟೆಗೆ ಇಡುವ ಎಲ್ ಸ್ಕೇಲ್. ಗರಗಸ ಕತ್ತರಿಯಲ್ಲ. ಕತ್ತರಿ ಹೇಳಿದ ಮಾತು ಕೇಳುತ್ತದೆ. ಗರಗಸ ಎರಡು ಎಳೆತ ನೆಟ್ಟಗೆ ಹೋಗಿ ಮೂರನೆಯದಕ್ಕೆ ತನ್ನ ದಾರಿ ಹಿಡಿಯುತ್ತದೆ. ಅದಕ್ಕೂ ಬೈದೆ.

ಮೇಲಿನ ಪಟ್ಟಿಗಳು ಹನ್ನೆರಡಿಂಚು ಎಂದುಕೊಂಡಿದ್ದೆ. ಸೀಳಿ ಕೊಟ್ಟದ್ದು ನಲವತ್ತಿಂಚಿನದು. ಎರಡಾಗಿ ಕೊಯ್ದರೆ ಇಪ್ಪತ್ತಾಗುತ್ತದೆ. ಮೂರು ಮಾಡಿ ತುಂಡು ಉಳಿಸಲು ನನಗೇನು ಹುಚ್ಚೇ? ಇಪ್ಪತ್ತೇ ಇರಲಿ. ಲೋಟದ ಪಕ್ಕ ರೇಡಿಯೋ ಇಡಬಹುದು.

ಅವಳು ಮೇಲಿನಿಂದ ಬಟ್ಟೆ ಹರವುತ್ತ ಮೂರು ಸಲ ನೋಡಿದಳು. ಒಂದು ಸೀರೆಯನ್ನು ಎಷ್ಟು ಸಲ ಕೊಡವುತ್ತಾರೆ? "ಏನು ಮಾಡ್ತಿದೀಯ" ಎಂದು ಕೇಳಲಿಲ್ಲ. ಕೇಳಿದ್ದರೆ "ಮಾಡ್ತಿದೀರಾ" ಎನ್ನುತ್ತಿದ್ದಳು, ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಇದೇ ವಾಸಿ.

ಅಂಗೈಯಲ್ಲಿ ಬೊಬ್ಬೆ.

ಮಾರ್ಚ್ 11, ಬುಧವಾರ

ಅವಮಾನ. ನಾಲ್ಕು ಕಾಲನ್ನೂ ಅಡ್ಡಪಟ್ಟಿಗಳನ್ನೂ ಜೋಡಿಸಿ ಕುರ್ಚಿಯ ಪಕ್ಕ ನಿಲ್ಲಿಸಿದರೆ ಮೇಜು ಕುರ್ಚಿಯ ಕೈಗಿಂತ ಎತ್ತರಕ್ಕೆ ಹೋಗಿ ನಿಂತಿದೆ. ಲೋಟ ಎತ್ತಿಕೊಳ್ಳಬೇಕಾದರೆ ಭುಜ ಏರಿಸಬೇಕು. ಅಳತೆ ಪುಸ್ತಕದಲ್ಲಿ ಸರಿಯಾಗೇ ಇದೆ, ಹದಿನೆಂಟು. ಟೇಪ್ ಹಿಡಿದರೆ ಕಾಲು ಇಪ್ಪತ್ತು.

ಒಂದು ಕಾಲನ್ನು ಬಿಚ್ಚಿ ಮರದಂಗಡಿಗೆ ಒಯ್ದೆ, ಗರಗಸದ್ದೇ ತಪ್ಪಿರಬೇಕೆಂದು. ಅವನು ಚಾಕಿನ ಗೆರೆ ನೋಡಿದ. ಹದಿನೆಂಟಕ್ಕೊಂದು ಗೆರೆ, ಅದರ ಕೆಳಗೆ ಇಪ್ಪತ್ತಕ್ಕೊಂದು ಗೆರೆ. ಕೊಯ್ದದ್ದು ಕೆಳಗಿನ ಗೆರೆಯಲ್ಲಿ.

"ಈ ಎರಡಿಂಚು ಯಾಕಮ್ಮಾ?"

ನನಗೇ ಆಗ ಹೊಳೆಯಿತು. ಶಾಲೆ ಮಕ್ಕಳ ಪ್ಯಾಂಟಿಗೆ ಕೆಳಗೆ ಮಡಚಲು ಎರಡಿಂಚು ಬಿಡುತ್ತೇನೆ. ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಬಹುದು. ನಲವತ್ತು ವರ್ಷ ಕಾಲು ಎಂದ ಕೂಡಲೇ ಕೈ ತಾನಾಗಿ ಎರಡಿಂಚು ಬಿಟ್ಟಿದೆ. ಮರದ ಕಾಲಿಗೂ ಬಿಟ್ಟಿದೆ.

"ಮೇಜು ಮುಂದಿನ ವರ್ಷ ಎರಡನೇ ಕ್ಲಾಸಿಗೆ ಹೋಗುತ್ತಾ?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಕಾಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದೆ.

ಮೊದಲಾಗಿದ್ದರೆ ಇದನ್ನು ಟೀ ಹೊತ್ತಿಗೆ ಅವಳಿಗೆ ಹೇಳುತ್ತಿದ್ದೆ. ಅವಳು ನಕ್ಕರೆ ಮೂಗಿಗೆ ಟೀ ಏರುತ್ತದೆ.

ಮಾರ್ಚ್ 12, ಗುರುವಾರ

ನಾಲ್ಕೂ ಕಾಲಿನಿಂದ ಎರಡೆರಡು ಇಂಚು ಕೊಯ್ದು ಹಾಕಿದೆ. ತುಂಡುಗಳನ್ನು ಎಸೆಯಲಿಲ್ಲ, ಗುಂಡಿಗಳ ಡಬ್ಬಿಯಲ್ಲಿಟ್ಟಿದ್ದೇನೆ.

ಮಾರ್ಚ್ 15, ಭಾನುವಾರ



ಹೊಸ ಮನೆಗೆ ಪರದೆ ಹೊಲಿಸಿದ್ದಾಳೆ. ಬೇರೆ ಟೈಲರ್ ಹತ್ತಿರ! ಬಸ್ ನಿಲ್ದಾಣದ ಎದುರಿನವನ ಅಂಗಡಿಯ ಕವರ್ ಹಿಡಿದುಕೊಂಡು ನನ್ನ ಅಂಗಡಿಯ ಮುಂದೆಯೇ ಹಾದು ಮೆಟ್ಟಿಲು ಹತ್ತಿದಳು. ಅವಳು ಹುಟ್ಟಿದಾಗಿನಿಂದ ಅವಳ ಮೈಮೇಲೆ ಬೇರೆಯವರ ಸೂಜಿ ಆಡಿಲ್ಲ. ಅವಳ ಮೊದಲ ಫ್ರಾಕು ನಾನು ಏಳು ವರ್ಷದವಳಿದ್ದಾಗ ಅಮ್ಮನ ಹಳೆ ಸೀರೆಯಲ್ಲಿ ಹೊಲಿದದ್ದು. ಒಂದು ತೋಳು ಉದ್ದ, ಒಂದು ಗಿಡ್ಡ. ಆ ಫ್ರಾಕು ಈಗಲೂ ಅವಳ ಪೆಟ್ಟಿಗೆಯಲ್ಲಿದೆ.

ನಾನು ಹೋಗಿ ಕೇಳಿಯೇ ಬಿಟ್ಟೆ. "ಪರದೆ ಹೊಲಿಯೋಕೆ ನಾನು ಸತ್ತಿದ್ನಾ?"

"ನಿಮಗೆ ಕೆಲಸ ಜಾಸ್ತಿ ಇರುತ್ತೆ. ಯಾಕೆ ತೊಂದರೆ ಕೊಡೋದು ಅಂತ."

ನಿಮಗೆ. ತೊಂದರೆ. ಈ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಬೀಗರ ಮನೆಯ ಸಂಬಂಧದಲ್ಲೂ ಇಷ್ಟು ನಯ ಇರುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು. ಪರದೆಯ ಅಂಚು ಹಿಡಿದು ನೋಡಿದೆ. ಹೊಲಿಗೆ ಹಾವಿನ ಹಾಗೆ ಹರಿದಾಡಿದೆ. "ಚೆನ್ನಾಗಿದೆ" ಎಂದು ಬಂದೆ.

ಕೆಳಗೆ ಬಂದು ಪಟ್ಟಿಗಳಿಗೆಲ್ಲ ಸ್ಯಾಂಡ್ ಪೇಪರ್ ಉಜ್ಜಿದೆ. ಎರಡು ತಾಸು. ಹಳೆ ಬಾಗಿಲಿನ ಬಣ್ಣ ಹೋಗಿ ಒಳಗಿನ ಕೆಂಚು ಬಣ್ಣದ ಮರ ಕಂಡಿತು. ಕೈ ಸವರಿದರೆ ಈಗ ಎಲ್ಲೂ ಚುಚ್ಚುವುದಿಲ್ಲ.

ಮಾರ್ಚ್ 17, ಮಂಗಳವಾರ

ಗುಂಡಿಯಮ್ಮ ಬಂದಿದ್ದರು. ಪಕ್ಕದ ಬೀದಿಯವರು. ವಾರಕ್ಕೊಂದು ಗುಂಡಿ ಕಿತ್ತುಕೊಂಡು ಹಾಕಿಸಿಕೊಳ್ಳುವ ನೆಪದಲ್ಲಿ ಹರಟೆಗೆ ಬರುವುದರಿಂದ ಆ ಹೆಸರು. ಮೇಜಿನ ವಿಷಯ ತೆಗೆದರು. ಬೀದಿಗೆಲ್ಲ ಕೇಳುವ ಹಾಗೆ ಬೈದವಳು ನಾನೇ ತಾನೇ.

"ಒಂದು ಮಾತು ಹೇಳ್ತೀನಿ, ಕತ್ತರಿ ಕೆಳಗಿಡಿ" ಎಂದರು. "ನಿಮ್ಮ ತಂಗಿ ನಿಮ್ಮನ್ನ ಕೇಳಿದ್ದು ನಿಜ. ನಾನಿಲ್ಲೇ ಕೂತಿದ್ದೆ. ನೀವು ಊರಿಗೆ ಹೊರಡೋ ಹಿಂದಿನ ದಿನ. ಬಾಗಿಲಲ್ಲಿ ನಿಂತು, ಅಕ್ಕಾ, ಮೇಜಿಗೆ ಗೆದ್ದಲು ಹಿಡಿದಿದೆ, ತೆಗೆಸಿ ಸುಡಿಸ್ಲಾ ಅಂತ ಕೇಳಿದ್ಲು. ನೀವು ಹೂಂ ಅಂದ್ರಿ."

"ನಾನು ಅಂದಿಲ್ಲ."

"ಅಯ್ಯೋ, ಮೇಷಿನ್ ಮೇಲೆ ಕೂತಾಗ ನೀವು ಏನು ಕೇಳಿದ್ರೂ ಹೂಂ ಅಂತೀರಿ. ನಾನು ಒಂದು ಸಲ ಪರೀಕ್ಷೆ ಮಾಡಿದೀನಿ. ಟೈಲರಮ್ಮಾ, ನಿಮ್ಮ ಮನೆಗೆ ಬೆಂಕಿ ಇಡ್ಲಾ ಅಂದೆ. ಹೂಂ ಅಂದ್ರಿ."

ಗುಂಡಿ ಹಾಕಿಕೊಡದೆ ಕಳಿಸಿದೆ. ಅವರಿಗೆ ಇಬ್ಬರ ನಡುವೆ ಕಡ್ಡಿ ಆಡಿಸುವ ಕೆಲಸ.

ಮಾರ್ಚ್ 18, ಬುಧವಾರ

ಹೂಂ ಅಂದಿಲ್ಲ.

ಅಂದಿದ್ದರೂ ಅದು ಕೇಳಿಸಿಕೊಂಡೆ ಎಂಬ ಹೂಂ ಅಲ್ಲ. ಅದು ಗಾಲಿ ತಿರುಗುವಾಗ ಬರುವ ಸದ್ದು. ಅವಳಿಗೆ ಗೊತ್ತಿರಬೇಕಿತ್ತು.

ಮಾರ್ಚ್ 20, ಶುಕ್ರವಾರ

ಮೇಷಿನ್ನಿನ ಹಿಂದಿನ ಬೀರು ಸರಿಸಿ ಗುಡಿಸಿದೆ. ಹಿತ್ತಲ ಕಡೆಯ ಗೋಡೆಯಲ್ಲಿ, ಕಿಟಕಿಯ ಕೆಳಗಿನಿಂದ ಮಣ್ಣಿನ ದಾರಿ. ಗೆದ್ದಲು ಬಂದ ಗೆರೆ. ಮರದ ಬೀರುವಿಗೆ ನಾಲ್ಕು ಬೆರಳಿನಷ್ಟು ದೂರದಲ್ಲಿ ನಿಂತುಬಿಟ್ಟಿದೆ. ಅದರ ಮೇಲೆಲ್ಲ ಔಷಧಿ ಬಳಿದ ಕಲೆ. ಬೀರುವಿನಲ್ಲಿ ಗಿರಾಕಿಗಳ ಬಟ್ಟೆ, ಕೆಳಗಿನ ಖಾನೆಯಲ್ಲಿ ಅಮ್ಮನ ಸೀರೆಗಳು. ನಾನು ಗೆಳತಿಯ ಮನೆಯಲ್ಲಿ ಕಾಲು ಚಾಚಿಕೊಂಡಿದ್ದಾಗ ಇವಳು ಇಷ್ಟು ಭಾರದ ಬೀರುವನ್ನು ಒಬ್ಬಳೇ ಎಳೆದು, ಔಷಧಿ ಬಳಿದು, ಮತ್ತೆ ನೂಕಿಟ್ಟಿದ್ದಾಳೆ. ನೆಲದ ಮೇಲೆ ಗೀರಿನ ಗುರುತಿದೆ.

ಅದಕ್ಕೂ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದವಳು ಬಾಯಿ ಬಿಟ್ಟು ಹೇಳಬಾರದಿತ್ತೇ? ಆಮೇಲೆ ನೆನಪಾಯಿತು, ಹೇಳಲು ನಾನು ಎಲ್ಲಿ ಬಿಟ್ಟೆ.

ಅವತ್ತು ನಾನು ಹೇಳಿದ ಮಾತು ಬರೆದುಬಿಡುತ್ತೇನೆ. "ಅಮ್ಮ ಕೊನೆಗೆ ನೀರು ಕೇಳಿದಾಗ ನೀನೆಲ್ಲಿದ್ದೆ? ಊರ ಮಕ್ಕಳಿಗೆ ಕಾಗುಣಿತ ಹೇಳ್ತಿದ್ದೆ. ನಿನಗೆ ಅಮ್ಮನ ಮೇಜಾದ್ರೇನು, ಸೌದೆಯಾದ್ರೇನು." ಇಷ್ಟೇ. ಅಮ್ಮ ಹೋದದ್ದು ಬೆಳಗ್ಗೆ ಹನ್ನೊಂದಕ್ಕೆ, ಅವಳು ಶಾಲೆಯಲ್ಲಿದ್ದದ್ದು ನಿಜ. ಸುಳ್ಳೇನೂ ಹೇಳಿಲ್ಲ.

ಬರೆದ ಮೇಲೆ ಓದಲು ಆಗುತ್ತಿಲ್ಲ.

ಮಾರ್ಚ್ 22, ಭಾನುವಾರ

ಮೇಲಿನ ಪಟ್ಟಿಗಳನ್ನು ಕೂರಿಸಿದೆ. ಏಳು ಪಟ್ಟಿ. ನಡುವೆ ಸಂದು ಸಮನಾಗಿ ಬರಲು ಎರಡೆರಡು ಕೋಟಿನ ಗುಂಡಿ ಇಟ್ಟು, ಸ್ಕ್ರೂ ಬಿಗಿದು, ಗುಂಡಿ ಎಳೆದುಕೊಂಡೆ. ಮೊದಲು ಒಂದೊಂದೇ ಸ್ಕ್ರೂ ಸಡಿಲವಾಗಿ, ಬಟ್ಟೆಗೆ ಟಾಕು ಹಾಕುವ ಹಾಗೆ. ಎಲ್ಲ ನೆಟ್ಟಗಿದೆ ಎಂದು ನೋಡಿ ಆಮೇಲೆ ಗಟ್ಟಿ ಮಾಡಿದೆ. ಒಂದು ಪಟ್ಟಿಗೆ ತೂತು ಮಾಡದೆ ಜೋರಿನಲ್ಲಿ ತಿರುಗಿಸಿದೆ, ತುದಿಯಲ್ಲಿ ಸೀಳಿತು. ಅದನ್ನು ತೆಗೆದು ಬೇರೆ ಹಾಕಿದೆ. ಮೂರು ಸಲ ಎಣ್ಣೆ ಬಳಿಯಬೇಕಂತೆ. ಕಾಲಿನ ತಳಕ್ಕೆ ಇನ್ನೂ ಹೆಚ್ಚು, ಮರ ನೀರು ಕುಡಿಯುವುದು ಅಲ್ಲಿಂದಲೇ.

ಮೇಲೆ ಪೆಟ್ಟಿಗೆ ಎಳೆಯುವ ಸದ್ದು ದಿನವಿಡೀ. ಇನ್ನು ಏಳು ದಿನ.

ಮಾರ್ಚ್ 25, ಬುಧವಾರ

ಮೇಜನ್ನು ಹಳೆಯದರ ಜಾಗದಲ್ಲೇ ಇಟ್ಟೆ. ಕುಂಟುತ್ತಿದೆ! ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತದೆ. ಉದ್ದವಿದ್ದ ಕಾಲನ್ನು ಒಂದು ಎಳೆ ಕೊಯ್ದೆ. ಆ ಕಡೆ ಕುಂಟಿತು. ಅದನ್ನೂ ಕೊಯ್ದೆ. ಗರಗಸ ಎಸೆದು ಮೇಜನ್ನು ಹೊತ್ತುಕೊಂಡು ಮರದಂಗಡಿಗೆ ಹೋದೆ.

ಅವನು ತನ್ನ ಕೆಲಸದ ಹಲಗೆಯ ಮೇಲೆ ನಿಲ್ಲಿಸಿ ನೋಡಿದ. "ಕೊಯ್ಯೋಕೆ ಮೊದಲು ತಂದಿದ್ರೆ ಚೆನ್ನಾಗಿತ್ತು. ನಾಲ್ಕು ಕಾಲೂ ಸಮ ಇದ್ವು ಅಂತ ಕಾಣುತ್ತೆ. ನಿಮ್ಮ ಹಿತ್ತಲ ಕಲ್ಲೇ ಸೊಟ್ಟ. ನೆಲ ನೋಡದೆ ಕಾಲು ಕೊಯ್ದಿದೀರಿ."

"ಹಳೇ ಮೇಜು ಅಲ್ಲೇ ಇತ್ತಲ್ಲ? ಕುಂಟ್ತಿರಲಿಲ್ಲ."

"ಹಾಗಾದ್ರೆ ಯಾರೋ ಕೆಳಗೆ ಏನೋ ಇಡ್ತಿದ್ರು."

ಮನೆಗೆ ಬಂದು ಕಲ್ಲಿನ ಪಕ್ಕ ಕೈಯಾಡಿಸಿದೆ. ಎಲೆಗಳ ಕೆಳಗೆ ಒಂದು ಹೆಂಚಿನ ಚೂರು ಸಿಕ್ಕಿತು. ಬಳಸಿ ಬಳಸಿ ಅಂಚು ನುಣುಪಾಗಿದೆ. ದಿನಾ ಕೂರುವ ಮೊದಲು ಅವಳು ಬಗ್ಗಿ ಕಾಲಿನಿಂದ ಏನೋ ತಳ್ಳುತ್ತಿದ್ದಳು. ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದೆ. ಆರು ವರ್ಷ.

ಮಾರ್ಚ್ 28, ಶನಿವಾರ

ನಾಳೆ ಹೋಗುತ್ತಾಳೆ.

ಹೇಳಬೇಕಾದದ್ದನ್ನು ಬೆಳಗ್ಗೆಯಿಂದ ಬಾಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ತಪ್ಪಾಯಿತು ಎಂಬ ಮಾತು ನನ್ನ ಬಾಯಿಗೆ ಒಗ್ಗುವುದಿಲ್ಲ, ಅಳತೆ ತಪ್ಪಿದ ಕಾಲರಿನ ಹಾಗೆ ಹಿಡಿಯುತ್ತದೆ. ನಾಲ್ಕೂವರೆಗೆ ಹಿತ್ತಲಲ್ಲಿ ಎರಡು ಲೋಟ ಟೀ ಇಟ್ಟುಕೊಂಡು ಕೂತೆ. ಇಪ್ಪತ್ತಿಂಚು ಮಾಡಿದ್ದು ಒಳ್ಳೆಯದಾಯಿತು, ಇಬ್ಬರದೂ ಹಿಡಿಯಿತು. ಅವಳು ಇಳಿಯಲಿಲ್ಲ. ನಾನೂ ಕೂಗಲಿಲ್ಲ. ಎರಡನ್ನೂ ನಾನೇ ಕುಡಿದೆ, ಎರಡನೆಯದು ತಣ್ಣಗಾಗಿತ್ತು.

ಮಾರ್ಚ್ 29, ಭಾನುವಾರ

ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ವ್ಯಾನು ಮೂರು ಗಂಟೆಗೆ ಬಂತು. ಸಾಮಾನು ಏರಿಸಿದ್ದಾಯಿತು. ಅವಳು ಬೀಗದ ಕೈ ಕೊಡಲು ಹಿತ್ತಲಿಗೆ ಬಂದಳು. ನಾನು ಮೇಜಿನ ಪಕ್ಕ ನಿಂತಿದ್ದೆ. ಕೈ ಚಾಚಿ, "ನಿಮ್ಮ ಬೀಗದ ಕೈ" ಎಂದಳು.

ನಾನು ತೆಗೆದುಕೊಳ್ಳಲಿಲ್ಲ. "ಗೆದ್ದಲಿನ ವಿಷಯ ನೀನು ಕೇಳಿದ್ದು ನಿಜವಂತೆ. ನಾನು ಹೂಂ ಅಂದಿದ್ನಂತೆ. ಗುಂಡಿಯಮ್ಮ ಹೇಳಿದ್ರು."

ಕ್ಷಮೆ ಕೇಳಿದ್ದು ನಾನು ಹೀಗೆ. ಬಾಯಿಂದ ಹೊರಬಿದ್ದದ್ದು ಇಷ್ಟೇ.

ಅವಳ ಮುಖ ಕೆಂಪಾಯಿತು. "ಗುಂಡಿಯಮ್ಮ ಹೇಳಿದ್ರೆ ನಂಬ್ತೀರಿ. ನಾನು ಹೇಳಿದ್ರೆ ನಂಬಲ್ಲ. ಅಲ್ವಾ? ನಾನು ಹೇಳಿದ್ದು ಒಂದಾದ್ರೂ ಕಿವಿಗೆ ಹಾಕ್ಕೊಂಡಿದೀಯಾ ನೀನು? ಹುಟ್ಟಿದಾಗಿಂದ?"

ನೀನು. ಬಂತು. ನಾನು ಉಸಿರು ಬಿಗಿಹಿಡಿದು ನಿಂತೆ, ಅದು ಹೆದರಿ ವಾಪಸು ಹೋಗಬಾರದೆಂದು.

ಹೋಗಲಿಲ್ಲ. ಕಟ್ಟೆ ಒಡೆದ ಹಾಗೆ ಬಂತು. "ನಿನಗೆ ಮೇಷಿನ್ ಒಂದಿದ್ರೆ ಸಾಕು. ನನಗೆ ಜ್ವರ ಬಂದಿದೆ ಅಂದ್ರೆ ಹೂಂ. ಹೆಡ್‌ಮಾಸ್ಟರ್ ಬೈದ್ರು ಅಂದ್ರೆ ಹೂಂ. ಮನೆ ಬಿಟ್ಟು ಹೋಗ್ತೀನಿ ಅಂತ ಬಾಗಿಲಲ್ಲಿ ನಿಂತು ಹೇಳಿದೆ, ಅದಕ್ಕೂ ಹೂಂ ಅಂದೆಯಲ್ಲೇ! ಬೇಡ ಕಣೇ ಅನ್ನೋಕೆ ನಿನ್ನ ಬಾಯಿಗೇನಾಗಿತ್ತು? ಊರ ಮಕ್ಕಳ ಪ್ಯಾಂಟಿಗೆಲ್ಲ ಎರಡಿಂಚು ಬಿಡ್ತೀಯ, ಬೆಳೀತಾರೆ ಅಂತ. ನನಗೆ ಯಾವತ್ತಾದ್ರೂ ಅರ್ಧ ಇಂಚು ಬಿಟ್ಟಿದೀಯಾ?"

ಬೇರೆ ದಿನವಾಗಿದ್ದರೆ ಒಂದಕ್ಕೆ ಹತ್ತು ತಿರುಗಿಸಿ ಕೊಡುತ್ತಿದ್ದೆ. ಇವತ್ತು ಸುಮ್ಮನೆ ನಿಂತು ಬೈಸಿಕೊಂಡೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ತೆರೆಯಲಿ ಎಂದುಕೊಂಡೆ.

ಆಮೇಲೆ ಅವಳ ದನಿ ಇಳಿಯಿತು. ಇಳಿದದ್ದಕ್ಕೇ ಹೆಚ್ಚು ಭಯವಾಯಿತು.

"ಅಮ್ಮ ಹೋದ ದಿನ ಬೆಳಗ್ಗೆ ನಿನ್ನ ಕೇಳಿದೆ. ನೀನು ಇದೇ ಮೇಷಿನ್ ಮೇಲೆ ಕೂತಿದ್ದೆ. ಅಕ್ಕಾ, ಅಮ್ಮ ಯಾಕೋ ಸರಿ ಕಾಣ್ತಿಲ್ಲ, ರಜೆ ಹಾಕ್ಲಾ, ಇಲ್ಲ ಹೋಗಿ ಬೇಗ ಬಂದ್ಬಿಡ್ಲಾ ಅಂದೆ. ನೀನು ಹೂಂ ಅಂದೆ. ಯಾ‌ವುದಕ್ಕೆ ಹೂಂ ಅಂದೆ ಅಂತ ನಾನು ಆರು ವರ್ಷದಿಂದ ಯೋಚನೆ ಮಾಡ್ತಿದೀನಿ. ನೀನು ಬೀದಿಗೆಲ್ಲ ಕೇಳೋ ಹಾಗೆ, ಎಲ್ಲಿದ್ದೆ ಅಂತ ಕೇಳ್ತೀಯ."

ನನಗೆ ಆ ಬೆಳಗು ಪೂರ್ತಿ ನೆನಪಿದೆ. ಹೊಲಿಯುತ್ತಿದ್ದದ್ದು ನೀಲಿ ಲಂಗ, ಹತ್ತು ನೆರಿಗೆ. ದಾರ ಎರಡು ಸಲ ಕಿತ್ತಿತ್ತು. ಅದೆಲ್ಲ ನೆನಪಿದೆ. ಅವಳು ಬಾಗಿಲಲ್ಲಿ ನಿಂತದ್ದು ಮಾತ್ರ ನೆನಪಿಲ್ಲ.

ಹೂಂ ಎಂಬುದು ಗಂಟಲ ತನಕ ಬಂತು. ನುಂಗಿಕೊಂಡೆ.

"ನೀನು ಹೋಗಿದ್ದಲ್ಲ ಕಣೇ" ಎಂದೆ. "ನಾನೇ ಕಳಿಸಿದ್ದು. ಕೇಳಿಸಿಕೊಳ್ಳದೆ ಕಳಿಸಿದ್ದು. ಅವತ್ತು ನಾನು ಆಡಿದ ಮಾತು ತಪ್ಪು."

ಅವಳು ಕಣ್ಣು ಒರೆಸಿಕೊಳ್ಳಲು ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಮೇಜು ಟಕ್ಕೆಂದು ಕುಂಟಿತು. ಒಂದು ಸಲ ಮೇಜನ್ನು ನೋಡಿದಳು, ಸುತ್ತ ಕಣ್ಣಾಡಿಸಿದಳು. ನಾನು ಹೆಂಚಿನ ಚೂರನ್ನು ಕುರ್ಚಿಯ ಮೇಲಿಟ್ಟಿದ್ದೆ. ಅದನ್ನು ತೆಗೆದುಕೊಂಡು, ಬಗ್ಗಿ, ಗಿಡ್ಡ ಕಾಲಿನ ಕೆಳಗೆ ತಳ್ಳಿದಳು. ಸಾಲಲಿಲ್ಲ. "ಇದೇನೇ ಇದು, ಇಷ್ಟು ಗಿಡ್ಡ? ಕೊಯ್ಯೋಕೆ ಕೂತ್ರೆ ನಿನಗೆ ನಿಲ್ಲಿಸೋದೇ ಗೊತ್ತಿಲ್ವಾ?" ಎಂದಳು, ಮೂಗು ಸೊರ್ರೆಂದು ಎಳೆದುಕೊಳ್ಳುತ್ತ.

ಹೊರಗೆ ವ್ಯಾನಿನವನು ಹಾರ್ನ್ ಬಾರಿಸಿದ. ಅವಳು ಹೊರಟಳು. ಹೊಸ ಮನೆಗೆ ಮಾತು ಕೊಟ್ಟಾಗಿದೆ, ಇರು ಎನ್ನಲು ನನಗೂ ಮುಖವಿರಲಿಲ್ಲ. ಗೇಟಿನಲ್ಲಿ ತಿರುಗಿ, ಇನ್ನೂ ಸಿಟ್ಟಿನಲ್ಲೇ, "ಮುಂದಿನ ಭಾನುವಾರ ನಾಲ್ಕೂವರೆಗೆ ಬರ್ತೀನಿ. ಆ ಕಾಲು ಸರಿ ಮಾಡಿಟ್ಟಿರು" ಎಂದಳು.

ಇಟ್ಟಿರು. ಇಟ್ಟಿರಿ ಅಲ್ಲ. ರ ಕೊಂಬು ರು.

ಏಪ್ರಿಲ್ 5, ಭಾನುವಾರ

ಗುಂಡಿಗಳ ಡಬ್ಬಿಯಲ್ಲಿದ್ದ ಎರಡಿಂಚಿನ ತುಂಡುಗಳಲ್ಲಿ ಒಂದನ್ನು ತೆಳ್ಳಗೆ ಸೀಳಿ ಗಿಡ್ಡ ಕಾಲಿನ ತಳಕ್ಕೆ ಕೂರಿಸಿದೆ. ಹೆಂಚಿನ ಚೂರಿನ ಜಾಗವನ್ನು ಮಾತ್ರ ಬಿಟ್ಟೆ. ಅಷ್ಟು ಕುಂಟಲಿ.

ನಾಲ್ಕೂಮುಕ್ಕಾಲು. ಇನ್ನೂ ಪತ್ತೆಯಿಲ್ಲ. ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಬನ್ನಿ ಎಂದು ಪಾಠ ಹೇಳುವವಳು ಇವಳು. ಟೀ ಮೇಲೆ ಕೆನೆ ಕಟ್ಟುತ್ತಿದೆ. ಬರಲಿ, ಬೈಯುತ್ತೇನೆ. ಆ ದರಿದ್ರ ಪರದೆಗಳನ್ನೂ ಬಿಚ್ಚಿ ತಂದುಕೊಡು ಎನ್ನುತ್ತೇನೆ, ಕಣ್ಣಲ್ಲಿ ನೋಡಲಾಗುವುದಿಲ್ಲ.

ಮೇಷಿನ್ನನ್ನು ಮೂರು ಗಂಟೆಗೇ ನಿಲ್ಲಿಸಿ ಮುಚ್ಚಿದ್ದೇನೆ. ಮನೆ ಇಷ್ಟು ನಿಶ್ಶಬ್ದ ಎಂದು ಗೊತ್ತಿರಲಿಲ್ಲ. ಬೀದಿಯ ಕೊನೆಯಲ್ಲಿ ಬಸ್ ನಿಂತದ್ದು ಕೇಳಿಸಿತು. ಈಗ ಗೇಟು.

"ಅಕ್ಕಾ, ಇದೀಯಾ?" ಎನ್ನುತ್ತಿದ್ದಾಳೆ.

ಹೂಂ ಎನ್ನುವುದಿಲ್ಲ. ಎದ್ದು ಹೋಗುತ್ತೇನೆ.